ಕ್ಯಾಂಪರ್ ವ್ಯಾನಿಗೆ ಸೋಲಾರ್ ಬೇಕಾ? ಟಾಪ್‌ಗೆ ತೂತು ಕೊರೆಯುವ ಮೊದಲು ಹಾಕಬೇಕಾದ ಲೆಕ್ಕ

ಕ್ಯಾಂಪರ್ ವ್ಯಾನ್ (ಒಳಗೇ ಉಂಡು ಮಲಗಿ ತಿರುಗುವ ವ್ಯಾನ್) ಮಾಡಿಕೊಂಡವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ವ್ಯಾಟಿನ ಪ್ಯಾನಲ್ ಹಾಕಿಸಲಿ?" ಅಂತ. ನಾನು ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ವ್ಯಾನು ಯಾವ ಪ್ಲಗ್ಗಿಗೂ ಸಿಕ್ಕಿಸದೆ, ಇಂಜಿನ್ ಸ್ಟಾರ್ಟ್ ಮಾಡದೆ, ಒಂದೇ ಜಾಗದಲ್ಲಿ ಎಷ್ಟು ದಿನ ನಿಲ್ಲುತ್ತದೆ? ಸ್ವಲ್ಪ ಹೊತ್ತು ಯೋಚನೆ ಮಾಡಿ, "ಒಂದು ರಾತ್ರಿ, ಜಾಸ್ತಿ ಅಂದ್ರೆ ಎರಡು" ಅನ್ನುವವರೇ ಹೆಚ್ಚು. ಅವರಲ್ಲಿ ಎಷ್ಟೋ ಜನಕ್ಕೆ ಪ್ಯಾನಲ್ ಬೇಕಾಗಿಯೇ ಇಲ್ಲ.

ಓಡುವ ವ್ಯಾನಿಗೆ ಕರೆಂಟಿನ ಚಿಂತೆ ಇಲ್ಲ, ಇಂಜಿನ್ನೇ ಬ್ಯಾಟರಿ ತುಂಬಿಸುತ್ತದೆ. ಕಷ್ಟ ಶುರುವಾಗುವುದು ನಿಂತಾಗ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ನಿಂತ ವ್ಯಾನಿನ ಬ್ಯಾಟರಿಯ ಕಥೆಯೂ ಅದೇ. ಆ ನಿಂತ ದಿನಗಳನ್ನು ದಾಟಿಸುವುದಷ್ಟೇ ಪ್ಯಾನಲ್ಲಿನ ಕೆಲಸ. ಹಾಗಾಗಿ ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡೋಣ.

ಹೆಜ್ಜೆ 1: ನಿಂತ ದಿನಗಳನ್ನು ಎಣಿಸಿ

ಹಿಂದಿನ ನಾಲ್ಕೈದು ಪ್ರವಾಸಗಳನ್ನು ನೆನಪು ಮಾಡಿಕೊಂಡು ಒಂದು ಹಾಳೆಯಲ್ಲಿ ಬರೆಯಿರಿ. ಯಾವ ದಿನ ಎಷ್ಟು ಗಂಟೆ ಓಡಿಸಿದಿರಿ, ಯಾವ ರಾತ್ರಿ ಕರೆಂಟ್ ಸಿಗುವ ಜಾಗದಲ್ಲಿ ನಿಂತಿರಿ, ಯಾವ ದಿನ ಎರಡೂ ಇರಲಿಲ್ಲ. ಇನ್ನೂ ಒಂದು ಪ್ರವಾಸವೂ ಮಾಡಿಲ್ಲ ಅಂದರೆ ಪ್ಯಾನಲ್ ಯೋಚನೆಯನ್ನು ಮುಂದಕ್ಕೆ ಹಾಕಿ. ಹೇಗೆ ತಿರುಗುತ್ತೀರಿ ಅನ್ನುವುದು ತಿರುಗಿದ ಮೇಲೆಯೇ ಗೊತ್ತಾಗುವುದು.

ದಿನಾ ಎರಡು ಗಂಟೆ ಓಡಿಸುವವರಿಗೆ ಇಂಜಿನ್ ಸಾಕು. ರಾತ್ರಿ ಪ್ಲಗ್ ಸಿಗುವ ಜಾಗಕ್ಕೇ ಹೋಗುವವರಿಗೆ ಒಂದು ಒಳ್ಳೆ ಬ್ಯಾಟರಿ ಚಾರ್ಜರ್ ಸಾಕು. ಮೂರು ದಿನ, ಐದು ದಿನ ಕೆರೆ ದಂಡೆಯಲ್ಲೋ ಬೆಟ್ಟದ ಬುಡದಲ್ಲೋ ಸುಮ್ನೆ ಬಿದ್ದಿರುವವರಿಗೆ ಮಾತ್ರ ಸೋಲಾರ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಇನ್ನೊಂದು ವರ್ಗ ಉಂಟು, ವರ್ಷದಲ್ಲಿ ಹತ್ತು ತಿಂಗಳು ವ್ಯಾನನ್ನು ಮನೆ ಮುಂದೆ ನಿಲ್ಲಿಸಿಡುವವರು. ನಿಂತ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ, ಗಾಡಿಯ ಅಲಾರಂ, ಗಡಿಯಾರ ಅದನ್ನು ಇನ್ನಷ್ಟು ಹೀರುತ್ತವೆ. ಅವರಿಗೆ ಕಂಟ್ರೋಲರ್ (ಪ್ಯಾನಲ್ಲಿನ ಕರೆಂಟನ್ನು ಹದವಾಗಿ ಬ್ಯಾಟರಿಗೆ ಬಿಡುವ ಪೆಟ್ಟಿಗೆ) ಸಮೇತ 20 ವ್ಯಾಟಿನ ಪುಟ್ಟ ಪ್ಯಾನಲ್ ಸಾಕು, ಈ ಲೇಖನದ ಉಳಿದ ಭಾಗ ಬೇಡ.

ಹೆಜ್ಜೆ 2: ಒಂದು ದಿನಕ್ಕೆ ಎಷ್ಟು ಕರೆಂಟ್?

ಇಲ್ಲಿ ಬೇಕಾದ ಅಳತೆ ವ್ಯಾಟ್-ಅವರ್. 10 ವ್ಯಾಟಿನ ಲೈಟ್ 1 ಗಂಟೆ ಉರಿದರೆ 10 ವ್ಯಾಟ್-ಅವರ್. 1000 ವ್ಯಾಟ್-ಅವರ್ ಸೇರಿದರೆ ಕರೆಂಟ್ ಬಿಲ್ಲಿನಲ್ಲಿ ಬರುವ 1 ಯೂನಿಟ್. ಸಾಮಾನಿನ ಹಿಂದೆ ಅಂಟಿಸಿದ ಚೀಟಿಯಲ್ಲಿ ವ್ಯಾಟ್ ಇರುತ್ತದೆ. ಆಂಪಿಯರ್ ಮಾತ್ರ ಬರೆದಿದ್ದರೆ ಅದನ್ನು ವೋಲ್ಟಿನಿಂದ ಗುಣಿಸಿ.

ಲೆಕ್ಕದಲ್ಲಿ ದೊಡ್ಡಣ್ಣ ಫ್ರಿಜ್. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 45 ವ್ಯಾಟ್ ತಿನ್ನುತ್ತದೆ, ಆದರೆ ಇಡೀ ದಿನ ಓಡುವುದಿಲ್ಲ. ಪಕ್ಕದಲ್ಲಿ ಕೂತು ಕಿವಿಗೊಡಿ. ಸಣ್ಣಗೆ ಗುಂಯ್ ಅಂತ ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ, ಮತ್ತೆ ಶುರು. ಒಂದು ಗಂಟೆಯಲ್ಲಿ ಎಷ್ಟು ನಿಮಿಷ ಗುಂಯ್‌ಗುಡುತ್ತದೆ ಅಂತ ಗಡಿಯಾರ ಹಿಡಿದು ಬರೆದುಕೊಳ್ಳಿ. 24 ನಿಮಿಷ ಬಂತು ಅನ್ನಿ, ಅಂದರೆ ಶೇಕಡಾ 40. ದಿನಕ್ಕೆ 45 × 24 × 0.4, ಸುಮಾರು 430 ವ್ಯಾಟ್-ಅವರ್. ಇದನ್ನೇ ಉರಿ ಬಿಸಿಲಿನ ಮಧ್ಯಾಹ್ನ, ವ್ಯಾನಿನ ಕಿಟಕಿ ಮುಚ್ಚಿ ಅಳೆದರೆ ಶೇಕಡಾ 60 ದಾಟಬಹುದು. ಆಗ ಲೆಕ್ಕ 650ಕ್ಕೆ ಏರುತ್ತದೆ. ಎರಡು ಹೊತ್ತು ಅಳೆದು ನಡುವಿನದನ್ನು ಹಿಡಿಯಿರಿ.

ಉಳಿದದ್ದೆಲ್ಲ ಚಿಲ್ಲರೆ. 5 ವ್ಯಾಟಿನ ಎರಡು ಎಲ್‌ಇಡಿ ಲೈಟ್ 4 ಗಂಟೆ ಉರಿದರೆ 40. ಎರಡು ಫೋನ್ ಚಾರ್ಜಿಗೆ 30. ಲ್ಯಾಪ್‌ಟಾಪ್ ಒಂದು ಸಲ ತುಂಬಲು 60. 20 ವ್ಯಾಟಿನ ಫ್ಯಾನ್ ರಾತ್ರಿ 8 ಗಂಟೆ ತಿರುಗಿದರೆ 160. ನೀರಿನ ಪಂಪ್ 60 ವ್ಯಾಟ್ ಆದರೂ ದಿನಕ್ಕೆ ಐದಾರು ನಿಮಿಷ ಓಡಿದರೆ ಜಾಸ್ತಿ, ಅದರ ಪಾಲು 6. ಎಲ್ಲಾ ಸೇರಿಸಿ ಸುಮಾರು 730 ವ್ಯಾಟ್-ಅವರ್. ಮುಂದಿನ ಲೆಕ್ಕಕ್ಕೆಲ್ಲ ಇದನ್ನೇ ಹಿಡಿಯುತ್ತೇನೆ. ನಿಮ್ಮ ಅಂಕಿ ಬೇರೆ ಇರುತ್ತದೆ, ಬದಲಾಯಿಸಿಕೊಳ್ಳಿ.

ಬಹಳ ಜನ ಮರೆಯುವುದು, ಬ್ಯಾಟರಿಯ 12 ವೋಲ್ಟನ್ನು ಮನೆ ಪ್ಲಗ್ಗಿನಂಥ ಕರೆಂಟಾಗಿ ಬದಲಾಯಿಸುವ ಇನ್ವರ್ಟರನ್ನು. ಅದಕ್ಕೆ ಏನೂ ಸಿಕ್ಕಿಸದೆ ಸುಮ್ನೆ ಆನ್ ಇಟ್ಟರೂ 10ರಿಂದ 20 ವ್ಯಾಟ್ ಎಳೆಯುತ್ತಲೇ ಇರುತ್ತದೆ. 15 ಅಂತ ಹಿಡಿದರೆ ದಿನಕ್ಕೆ 360 ವ್ಯಾಟ್-ಅವರ್, ಹತ್ತಿರ ಹತ್ತಿರ ಇನ್ನೊಂದು ಫ್ರಿಜ್ ಇಟ್ಟಂತೆ! ಲ್ಯಾಪ್‌ಟಾಪಿಗೆ 12 ವೋಲ್ಟಿನ ಚಾರ್ಜರ್ ತಂದುಕೊಂಡು ಇನ್ವರ್ಟರ್ ಆಫ್ ಮಾಡಿದರೆ, ಅಷ್ಟು ದೊಡ್ಡ ಪ್ಯಾನಲ್ ಹಾಕಿಸುವುದು ತಪ್ಪಿತು.

ಬಿಸಿ ಮಾಡುವ ಸಾಮಾನುಗಳ ಮಾತೇ ಬೇರೆ. 1 ಲೀಟರ್ ನೀರು ಕುದಿಸಲು 100ಕ್ಕಿಂತ ಸ್ವಲ್ಪ ಜಾಸ್ತಿ ವ್ಯಾಟ್-ಅವರ್ ಸಾಕು, ಅದೇನೂ ದೊಡ್ಡದಲ್ಲ. ಆದರೆ 1500 ವ್ಯಾಟಿನ ಕೆಟಲ್ 12 ವೋಲ್ಟಿನ ಬ್ಯಾಟರಿಯಿಂದ 125 ಆಂಪಿಯರಿಗೂ ಮೀರಿ ಎಳೆಯುತ್ತದೆ. ಅಷ್ಟನ್ನು ಬ್ಯಾಟರಿ, ಇನ್ವರ್ಟರ್, ವೈರ್ ಎಲ್ಲವೂ ತಡೆದುಕೊಳ್ಳಬೇಕು. ಅಡುಗೆಗೆ ಗ್ಯಾಸ್ ಇಟ್ಟುಕೊಂಡರೆ ಈ ತಲೆನೋವೇ ಇಲ್ಲ. ಇನ್ನು ಏಸಿ. 600 ವ್ಯಾಟ್ ಅಂತ ಹಿಡಿದರೂ ರಾತ್ರಿ 8 ಗಂಟೆಗೆ 4800 ವ್ಯಾಟ್-ಅವರ್. ವ್ಯಾನಿನ ಟಾಪ್ ಮೇಲೆ ಹಿಡಿಸುವ ಪ್ಯಾನಲ್ ಅದಕ್ಕೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಹೆಜ್ಜೆ 3: ಬ್ಯಾಟರಿ, ಇಂಜಿನ್ ಎಷ್ಟು ಕೊಡುತ್ತವೆ?

ಬ್ಯಾಟರಿಯ ಮೇಲೆ ಬರೆದ ಆಂಪಿಯರ್-ಅವರನ್ನು ವೋಲ್ಟಿನಿಂದ ಗುಣಿಸಿ. 12 ವೋಲ್ಟಿನ 200 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ 2400 ವ್ಯಾಟ್-ಅವರ್ ಇದ್ದರೂ ಬಳಸಬಹುದಾದದ್ದು ಅರ್ಧ, 1200. ಅದಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತದೆ. ಅಷ್ಟೇ ದೊಡ್ಡ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 2560. ಅದರಲ್ಲಿ ಶೇಕಡಾ 90, ಅಂದರೆ 2300ರಷ್ಟನ್ನು ಧೈರ್ಯವಾಗಿ ಬಳಸಬಹುದು. ಒಂದೇ ಎಚ್ಚರಿಕೆ, ಬ್ಯಾಟರಿ ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಲಿಥಿಯಂ ಚಾರ್ಜ್ ಮಾಡಬಾರದು.

730ರ ಖರ್ಚಿಗೆ ಈ ಲಿಥಿಯಂ ಬ್ಯಾಟರಿ ಒಂದೇ ಮೂರು ದಿನ ಬರುತ್ತದೆ, ಪ್ಯಾನಲ್ ಇಲ್ಲದೆ. ಶನಿವಾರ ಹೋಗಿ ಭಾನುವಾರ ವಾಪಸ್ ಬರುವವರ ಸಮಸ್ಯೆ ಇಲ್ಲೇ ಮುಗಿಯಿತು.

ಇಂಜಿನ್ನಿನ ಪಾಲನ್ನೂ ನೋಡಿ. ಗಾಡಿಯ ಆಲ್ಟರ್ನೇಟರಿಗೂ (ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಯಂತ್ರ), ಫ್ರಿಜ್, ಲೈಟ್ ನಡೆಸುವ ಬ್ಯಾಟರಿಗೂ ನಡುವೆ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿದರೆ, ಗಂಟೆಗೆ ಹತ್ತಿರ ಹತ್ತಿರ 400 ವ್ಯಾಟ್-ಅವರ್ ಬರುತ್ತದೆ. ಎರಡು ಗಂಟೆ ಓಡಿಸಿದರೆ ಒಂದು ದಿನದ ಖರ್ಚು ಪೂರ್ತಿ ವಾಪಸ್. ಮಳೆ ಇರಲಿ, ರಾತ್ರಿ ಇರಲಿ, ಅದಕ್ಕೆ ಲೆಕ್ಕವಿಲ್ಲ. ಈಚಿನ ಗಾಡಿಗಳ ಆಲ್ಟರ್ನೇಟರ್ ಇಂಧನ ಉಳಿಸಲು ವೋಲ್ಟೇಜನ್ನು ತಾನೇ ಏರಿಸಿ ಇಳಿಸುತ್ತದೆ. ಅಂಥವಕ್ಕೆ, ಇಂಜಿನ್ ಓಡುವಾಗ ಎರಡನ್ನೂ ಸುಮ್ನೆ ಜೋಡಿಸುವ ಸ್ವಿಚ್ಚಿನಂಥ ಹಳೇ ಕಾಲದ ಸಾದಾ ರಿಲೇ ಸಾಲದು, ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು. ನನ್ನನ್ನು ಕೇಳಿದರೆ, ಹೆಚ್ಚಿನವರು ಪ್ಯಾನಲ್ಲಿಗಿಂತ ಮೊದಲು ಹಾಕಿಸಬೇಕಾದದ್ದು ಇದನ್ನು. ಆದರೆ ನಿಂತಲ್ಲೇ ಇಂಜಿನ್ ಓಡಿಸಿ ಚಾರ್ಜ್ ಮಾಡುವ ಅಭ್ಯಾಸ ಬೇಡ. ಡೀಸೆಲ್ ದಂಡ, ಅಕ್ಕಪಕ್ಕದವರ ನಿದ್ದೆಯೂ ಹಾಳು.

ಹೆಜ್ಜೆ 4: ಬಿಸಿಲು ಎಷ್ಟು ಕೊಡುತ್ತದೆ?

ಪ್ಯಾನಲ್ ಮೇಲೆ 200 ವ್ಯಾಟ್ ಅಂತ ಬರೆದದ್ದು ಪ್ರಯೋಗಾಲಯದ ಮಾತು. ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬೀಳುತ್ತಾ, ಸೆಲ್ಲಿನ (ಪ್ಯಾನಲ್ಲಿನೊಳಗೆ ಕರೆಂಟ್ ಹುಟ್ಟಿಸುವ ಬಿಲ್ಲೆ) ಬಿಸಿ 25 ಡಿಗ್ರಿಯಲ್ಲೇ ನಿಂತಿದ್ದರೆ ಅಷ್ಟು ಬರುತ್ತದೆ. ವ್ಯಾನಿನ ಟಾಪ್ ಮೇಲೆ ಮಧ್ಯಾಹ್ನದ ಸೆಲ್ 65 ಡಿಗ್ರಿ ಮುಟ್ಟುವುದು ದೊಡ್ಡ ವಿಷಯವಲ್ಲ. 25ರ ಮೇಲೆ ಪ್ರತಿ ಡಿಗ್ರಿಗೆ ಶೇಕಡಾ 0.3ರಿಂದ 0.4 ಕಡಿಮೆಯಾಗುತ್ತದೆ, ಹಾಗಾಗಿ ಬಿಸಿಗೇ ಶೇಕಡಾ 14ರ ಆಸುಪಾಸು ಹೋಯಿತು. ಧೂಳು, ವೈರ್, ಕಂಟ್ರೋಲರ್ ತಮ್ಮ ತಮ್ಮ ಪಾಲು ತಿನ್ನುತ್ತವೆ. ಕೊನೆಗೆ ಕೈಗೆ ಸಿಗುವುದು ಶೇಕಡಾ 65 ಅಂತ ಹಿಡಿದರೆ ಮೋಸ ಹೋಗುವುದಿಲ್ಲ.

ಇನ್ನೊಂದು ಅಂಕಿ, ಬಿಸಿಲಿನ ಗಂಟೆ. ಸೂರ್ಯ ಹುಟ್ಟಿ ಮುಳುಗುವವರೆಗಿನ ಗಂಟೆ ಅಲ್ಲ ಇದು. ದಿನವಿಡೀ ಬಿದ್ದ ಬೆಳಕನ್ನೆಲ್ಲ ಗುಡ್ಡೆ ಹಾಕಿದರೆ, ಎಷ್ಟು ಗಂಟೆಯ ಪೂರ್ತಿ ಬಿಸಿಲಿಗೆ ಸಮ ಅನ್ನುವುದು. ಸೂರ್ಯ ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದಾಗ ಮಲಗಿಸಿದ ಪ್ಯಾನಲ್ಲಿಗೆ ನೇರ ಬಿಸಿಲಿನ ಅರ್ಧ ಮಾತ್ರ ಸಿಗುತ್ತದೆ. ಅದಕ್ಕೇ ಬೆಳಗ್ಗೆ ಎಂಟು ಗಂಟೆಯ ಹೊಳೆಯುವ ಬಿಸಿಲು ನೋಡಿ ಖುಷಿಪಟ್ಟರೆ ಮೀಟರ್ ಬೇರೆಯೇ ಕಥೆ ಹೇಳುತ್ತದೆ. ಭೂಮಧ್ಯರೇಖೆಗೆ ಹತ್ತಿರದ ಒಣ ಜಾಗದಲ್ಲಿ ದಿನಕ್ಕೆ 5 ಬಿಸಿಲಿನ ಗಂಟೆ ಹಿಡಿಯಬಹುದು. ದೂರದ ಉತ್ತರದಲ್ಲೋ ದಕ್ಷಿಣದಲ್ಲೋ ಚಳಿಗಾಲದಲ್ಲಿ 1 ಗಂಟೆ ಸಿಕ್ಕರೆ ಪುಣ್ಯ.

200 ವ್ಯಾಟ್ × 5 ಗಂಟೆ × 0.65, ಅಂದರೆ 650 ವ್ಯಾಟ್-ಅವರ್. ಅದೇ ಪ್ಯಾನಲ್ ಆ ಚಳಿಗಾಲದಲ್ಲಿ 130. ವ್ಯಾನಿನಲ್ಲಿ ಚಳಿಗಾಲ ಕಳೆಯುವವರು ಪ್ಯಾನಲ್ಲಿನ ಮೇಲೆ ಭಾರ ಹಾಕುವುದು ಬೇಡ ಅನ್ನುವುದು ಇದಕ್ಕೇ.

ಹೆಜ್ಜೆ 5: ಕೊರತೆ ತುಂಬಿದರೆ ಸಾಕು

ಇಲ್ಲಿಯೇ ಬಹಳ ಜನ ದುಡ್ಡು ಕಳೆದುಕೊಳ್ಳುವುದು. ದಿನಕ್ಕೆ 730 ಖರ್ಚು, ಹಾಗಾದರೆ ಪ್ಯಾನಲ್ಲೂ ದಿನಕ್ಕೆ 730 ತರಬೇಕು ಅಂತ ಲೆಕ್ಕ ಹಾಕುತ್ತಾರೆ. ಹೊರಡುವಾಗ ಬ್ಯಾಟರಿ ತುಂಬಿದೆಯಲ್ಲ? ಅದು ಮುಂದಿನ ಓಡಾಟದವರೆಗೆ ಖಾಲಿಯಾಗದಂತೆ ನೋಡಿಕೊಂಡರೆ ಸಾಕು.

ಐದು ದಿನ ನಿಲ್ಲುತ್ತೀರಿ ಅನ್ನಿ. ಒಟ್ಟು ಖರ್ಚು 3650. ಲಿಥಿಯಂ ಬ್ಯಾಟರಿಯಲ್ಲಿ ಇರುವುದು 2300. ಕೊರತೆ 1350, ಅದನ್ನು ಐದು ದಿನಕ್ಕೆ ಹಂಚಿದರೆ ದಿನಕ್ಕೆ 270. ಬಿಸಿಲಿನ ಗಂಟೆಯನ್ನು ಸ್ವಲ್ಪ ಕಡಿಮೆಯೇ ಹಿಡಿದು 4 ಅನ್ನೋಣ, 0.65ರಿಂದ ಗುಣಿಸಿದರೆ 2.6. 270ನ್ನು 2.6ರಿಂದ ಭಾಗಿಸಿದರೆ ಸುಮಾರು 104 ವ್ಯಾಟ್. ಒಂದು ಮೋಡದ ದಿನಕ್ಕೆ ಅಂತ ಸೇರಿಸಿ 150 ಮಾಡಿಕೊಳ್ಳಿ. 730 ಪೂರ್ತಿ ಪ್ಯಾನಲ್ಲಿನಿಂದಲೇ ಬರಬೇಕು ಅಂತ ಹಟ ಹಿಡಿದಿದ್ದರೆ 280 ವ್ಯಾಟ್ ಬೇಕಾಗುತ್ತಿತ್ತು, ಸಣ್ಣ ವ್ಯಾನಿನಲ್ಲಿ ಅಷ್ಟು ಜಾಗ ಹೊಂದಿಸುವುದು ಕಷ್ಟ.

ಇದೇ ಲೆಕ್ಕವನ್ನು ಲೆಡ್ ಆಸಿಡ್ ಬ್ಯಾಟರಿಗೆ ಹಾಕಿದರೆ ಕೊರತೆ 2450, ಪ್ಯಾನಲ್ 190 ವ್ಯಾಟ್. ಜೊತೆಗೆ ಆ ಬ್ಯಾಟರಿ ಆಗಾಗ ಪೂರ್ತಿ ತುಂಬಬೇಕು, ಇಲ್ಲವಾದರೆ ಒಳಗೆ ಸಲ್ಫೇಟ್ ಗಟ್ಟಿಯಾಗಿ ಶಕ್ತಿ ಕುಂದುತ್ತದೆ. ಹಾಗಾಗಿ ಅದಕ್ಕೆ ಪ್ಯಾನಲ್ ಸ್ವಲ್ಪ ಧಾರಾಳವಾಗಿಯೇ ಇರಲಿ. ಕೊರತೆ ಸೊನ್ನೆ ಬಂದವರು, ಅಂದರೆ ಬ್ಯಾಟರಿಯೇ ನಿಂತ ದಿನಗಳನ್ನು ದಾಟಿಸುತ್ತದೆ ಅನ್ನುವವರು, ಇಲ್ಲಿಗೇ ನಿಲ್ಲಿಸಬಹುದು.

ಹೆಜ್ಜೆ 6: ನೆರಳಿನ ಪರೀಕ್ಷೆ

ನಿಮಗೆ ಬೇಕಾದದ್ದು ಮರದ ನೆರಳು, ಪ್ಯಾನಲ್ಲಿಗೆ ಬೇಕಾದದ್ದು ಬಿಸಿಲು. ಪ್ಯಾನಲ್ಲಿಗೋಸ್ಕರ ಬಿಸಿಲಲ್ಲಿ ನಿಲ್ಲಿಸಿದಿರಿ ಅನ್ನಿ, ವ್ಯಾನ್ ಒಲೆಯಾಗುತ್ತದೆ. ಫ್ರಿಜ್ ಜಾಸ್ತಿ ಓಡುತ್ತದೆ, ಫ್ಯಾನ್ ಹಗಲೂ ತಿರುಗುತ್ತದೆ. ಬಂದ ಕರೆಂಟಿನ ಒಂದು ಪಾಲು ವ್ಯಾನ್ ತಣ್ಣಗಿಡಲೇ ಹೋಯಿತು. ಯಾವ ಊರಿಗೆ ಹೋದರೂ ಮೊದಲು ಮರ ಹುಡುಕುವವರು ನೀವಾದರೆ ಟಾಪ್ ಮೇಲಿನ ಪ್ಯಾನಲ್ ನಿಮಗಲ್ಲ.

ಮರದ ನೆರಳಿನಷ್ಟೇ ಹಾಳು ಟಾಪ್ ಮೇಲಿನ ಸಣ್ಣ ನೆರಳು. ಗಾಳಿಗೆ ತೆರೆಯುವ ಮುಚ್ಚಳ, ಆಂಟೆನಾ, ಸೈಕಲ್ ಕಟ್ಟುವ ರಾಡ್. ಸಾಮಾನ್ಯ 100 ವ್ಯಾಟ್ ಪ್ಯಾನಲ್ಲಿನಲ್ಲಿ 36 ಸೆಲ್ ಒಂದರ ಹಿಂದೆ ಒಂದು ಸಾಲಾಗಿ ಇರುತ್ತವೆ. ನೀರಿನ ಪೈಪನ್ನು ಒಂದು ಕಡೆ ಅದುಮಿದರೆ ಇಡೀ ಪೈಪಿನಲ್ಲಿ ನೀರು ಕಡಿಮೆಯಾಗುವುದಿಲ್ಲವೇ, ಇಲ್ಲಿಯೂ ಹಾಗೆಯೇ. ಬಿಸಿಲಲ್ಲಿ ಪ್ಯಾನಲ್ ಇಟ್ಟು, ಮೀಟರ್ ನೋಡುತ್ತಾ ಒಂದೇ ಒಂದು ಸೆಲ್ಲಿನ ಮೇಲೆ ಅಂಗೈ ಇಟ್ಟು ನೋಡಿ. ಅಂಗೈ ಮುಚ್ಚಿದ್ದು ಪ್ಯಾನಲ್ಲಿನ ಸಣ್ಣ ಮೂಲೆ, ಮೀಟರಿನ ಅಂಕಿ ಮಾತ್ರ ಧೊಪ್ಪನೆ ಬೀಳುತ್ತದೆ. ನೆರಳಾದ ಭಾಗವನ್ನು ಬಳಸಿ ಹೋಗಲಿ ಅಂತ ಒಳಗೆ ಬೈಪಾಸ್ ಡಯೋಡ್ ಇರುತ್ತದೆ, ನಿಜ. ಆದರೆ ಅರ್ಧ ಪ್ಯಾನಲ್ ಬಿಟ್ಟುಹೋದರೆ ಉಳಿದರ್ಧದ ವೋಲ್ಟೇಜ್ 9ರ ಸುತ್ತ. 12 ವೋಲ್ಟಿನ ಬ್ಯಾಟರಿಗೆ ಅದು ಏರುವುದೇ ಇಲ್ಲ. ಎರಡು ಪ್ಯಾನಲ್ ಇದ್ದು ನೆರಳಿನ ಭಯ ಇದ್ದರೆ ಪ್ಯಾರಲಲ್ಲಾಗಿ, ಅಂದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ ಜೋಡಿಸಿ. ಒಂದು ಮಲಗಿದರೂ ಇನ್ನೊಂದು ದುಡಿಯುತ್ತದೆ.

ಹೆಜ್ಜೆ 7: ಟಾಪ್ ಅಳೆಯಿರಿ, ಪ್ಯಾನಲ್ ಬಗೆ ಆರಿಸಿ

100 ವ್ಯಾಟಿಗೆ ಸುಮಾರು ಅರ್ಧ ಚದರ ಮೀಟರ್ ಜಾಗ ಬೇಕು. ಟೇಪ್ ಹಿಡಿದು ಅಳೆಯುವುದಕ್ಕಿಂತ, ಪ್ಯಾನಲ್ ಅಳತೆಗೆ ರಟ್ಟು ಕತ್ತರಿಸಿ ಟಾಪ್ ಮೇಲೆ ಹಾಸಿ ನೋಡಿ. ಮುಚ್ಚಳ ಪೂರ್ತಿ ತೆರೆಯುತ್ತದೆಯೇ, ಬೆಳಗ್ಗೆ ಮತ್ತು ಮಧ್ಯಾಹ್ನ ಅದರ ನೆರಳು ರಟ್ಟಿನ ಮೇಲೆ ಎಲ್ಲಿ ಬೀಳುತ್ತದೆ, ಒಂದು ಪೆನ್ನಿನಲ್ಲಿ ಗುರುತು ಹಾಕಿ. ಟಾಪ್ ಎಷ್ಟು ಭಾರ ಹೊರುತ್ತದೆ ಅನ್ನುವುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಎತ್ತರವೂ ಸ್ವಲ್ಪ ಏರುತ್ತದೆ, ಪಾರ್ಕಿಂಗಿನ ಅಡ್ಡಪಟ್ಟಿ ತಗಲಿದ ಮೇಲೆ ಅದು ನೆನಪಾಗುವುದು ಬೇಡ.

ಗಾಜಿನ ಗಟ್ಟಿ ಪ್ಯಾನಲ್ 100 ವ್ಯಾಟಿಗೆ 6ರಿಂದ 8 ಕಿಲೋ ತೂಗುತ್ತದೆ, ಆದರೆ ವರ್ಷಗಟ್ಟಲೆ ಬಾಳುತ್ತದೆ. ಕೆಳಗೆ ಎರಡು ಮೂರು ಸೆಂಟಿಮೀಟರ್ ಸಂದು ಬಿಟ್ಟು ಕೂರಿಸಿದರೆ ಗಾಳಿ ಆಡಿ ಬಿಸಿ ಇಳಿಯುತ್ತದೆ. ಬಾಗುವ ತೆಳು ಪ್ಯಾನಲ್ ಹಗುರ, ಕಣ್ಣಿಗೂ ಕಾಣುವುದಿಲ್ಲ. ಆದರೆ ಟಾಪ್‌ಗೇ ಅಂಟಿಸುವುದರಿಂದ ಬಿಸಿ ಹೋಗಲು ದಾರಿ ಇಲ್ಲ, ಬೇಗ ಹಾಳಾಗುತ್ತದೆ, ಕೀಳುವುದೂ ಕಷ್ಟ. ಭಾರ ಹೊರಲಾರದ ಟಾಪ್ ಇದ್ದರೆ ಮಾತ್ರ ಅದರ ಕಡೆ ನೋಡಿ.

ನನಗೆ ಇಷ್ಟವಾದದ್ದು ಮೂರನೆಯದು, ಮಡಚುವ ಪ್ಯಾನಲ್. ವ್ಯಾನ್ ಮರದ ಕೆಳಗೆ ಇರುತ್ತದೆ, ಪ್ಯಾನಲ್ ಉದ್ದ ಕೇಬಲ್ ಹಾಕಿಕೊಂಡು ಬಿಸಿಲಲ್ಲಿ ಕೂರುತ್ತದೆ. ಎರಡು ಗಂಟೆಗೊಮ್ಮೆ ಸೂರ್ಯನ ಕಡೆ ತಿರುಗಿಸಿದರೆ, ಟಾಪ್ ಮೇಲೆ ಮಲಗಿರುವ ಅಷ್ಟೇ ವ್ಯಾಟಿನ ಪ್ಯಾನಲ್ಲಿಗಿಂತ ಜಾಸ್ತಿ ಕೊಡುತ್ತದೆ. ತಾಪತ್ರಯವೂ ಇದೆ. ದಿನಾ ಹೊರಗೆ ತೆಗೆದು ಒಳಗೆ ಇಡಬೇಕು, ಬಿಟ್ಟು ಸುತ್ತಾಡಲು ಹೋದರೆ ಕಳ್ಳರ ಭಯ, ಗಾಳಿಗೆ ಮಗುಚುತ್ತದೆ. ಇಡಲು ಒಳಗೆ ಜಾಗವೂ ಬೇಕು.

ಹೆಜ್ಜೆ 8: ಪ್ಯಾನಲ್ ಜೊತೆ ಬರುವ ಉಳಿದ ಖರ್ಚು

ಪ್ಯಾನಲ್ಲಿನ ಬೆಲೆ ನೋಡಿ ತೀರ್ಮಾನ ಮಾಡಬೇಡಿ. ಕಂಟ್ರೋಲರ್, ಕೇಬಲ್, ಫ್ಯೂಸ್, ಬ್ರಾಕೆಟ್, ಅಂಟು ಎಲ್ಲ ಸೇರಿಸಿ. ಕಂಟ್ರೋಲರಿನಲ್ಲಿ ಎರಡು ಬಗೆ. ಪಿಡಬ್ಲ್ಯುಎಂ ಅಗ್ಗ, ಆದರೆ ಅದು 18 ವೋಲ್ಟಿನ ಪ್ಯಾನಲ್ಲನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ತರುತ್ತದೆ. 100 ವ್ಯಾಟಿನ ಪ್ಯಾನಲ್ 5.5 ಆಂಪಿಯರ್ ಕೊಟ್ಟರೆ ಬ್ಯಾಟರಿಗೆ ತಲುಪುವುದು 72 ವ್ಯಾಟ್. ಎಂಪಿಪಿಟಿ ಆ ಹೆಚ್ಚುವರಿ ವೋಲ್ಟೇಜನ್ನು ಆಂಪಿಯರಾಗಿ ಬದಲಾಯಿಸುತ್ತದೆ. 100 ವ್ಯಾಟ್ ದಾಟಿದರೆ ಎಂಪಿಪಿಟಿಯನ್ನೇ ತೆಗೆದುಕೊಳ್ಳಿ.

ವೈರಿನಲ್ಲಿ ಉಳಿತಾಯ ಮಾಡಲೇಬೇಡಿ. ನನಗೆ ಒಮ್ಮೆ ಫಿಟ್ ಮಾಡಿಕೊಟ್ಟವರು ಕಂಟ್ರೋಲರನ್ನು ವ್ಯಾನಿನ ಒಂದು ತುದಿಯಲ್ಲಿ ಕೂರಿಸಿ, ಇನ್ನೊಂದು ತುದಿಯ ಬ್ಯಾಟರಿಗೆ ತೆಳು ವೈರ್ ಎಳೆದಿದ್ದರು. ಕಂಟ್ರೋಲರ್ 14.4 ವೋಲ್ಟ್ ತೋರಿಸುತ್ತಿತ್ತು. ಬ್ಯಾಟರಿ ಟರ್ಮಿನಲ್ಲಿಗೆ ಮೀಟರ್ ಹಿಡಿದರೆ 13.6. ಉಳಿದ 0.8 ವೋಲ್ಟ್ ವೈರ್ ಬಿಸಿ ಮಾಡಲು ಹೋಗುತ್ತಿತ್ತು. ಬ್ಯಾಟರಿ ತುಂಬುತ್ತಾ ಬಂತು ಅಂದುಕೊಂಡು ಕಂಟ್ರೋಲರ್ ಬೇಗನೆ ಕೈ ಬಿಗಿ ಹಿಡಿಯುತ್ತಿತ್ತು. ನಾನು ತಿಂಗಳುಗಟ್ಟಲೆ ಪ್ಯಾನಲ್ಲನ್ನೇ ಬೈದೆ. ಕಂಟ್ರೋಲರ್ ಬ್ಯಾಟರಿಯ ಪಕ್ಕದಲ್ಲಿರಲಿ, ನಡುವಿನ ವೈರ್ ದಪ್ಪ ಇರಲಿ, ಫ್ಯೂಸ್ ಬ್ಯಾಟರಿಗೆ ಅಂಟಿಕೊಂಡಂತೆ ಇರಲಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಉಲ್ಟಾ.

ಹೆಜ್ಜೆ 9: ತೂತು ಕೊರೆಯುವ ಮೊದಲು ಮೂರು ದಿನ

ಮೊದಲು ಬ್ಯಾಟರಿಗೆ ಶಂಟ್ (ಹರಿಯುವ ಕರೆಂಟನ್ನು ಅಳೆಯುವ ತುಂಡು) ಇರುವ ಮಾನಿಟರ್ ಹಾಕಿಸಿ. ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಅದು ಎಣಿಸುತ್ತದೆ. ಬರೀ ವೋಲ್ಟ್ ನೋಡಿ ಲಿಥಿಯಂ ಬ್ಯಾಟರಿಯಲ್ಲಿ ಎಷ್ಟಿದೆ ಅಂತ ಹೇಳಲಾಗದು, ಅದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಆಮೇಲೆ ಬ್ಯಾಟರಿ ಪೂರ್ತಿ ತುಂಬಿಸಿ, ನೀವು ನಿಜವಾಗಿ ನಿಲ್ಲುವಂಥ ಜಾಗದಲ್ಲೇ ಮೂರು ದಿನ ನಿಂತು, ದಿನಾ ಬೆಳಗ್ಗೆ ಎದ್ದ ಕೂಡಲೇ ಶೇಕಡಾ ಎಷ್ಟಿದೆ ಅಂತ ಬರೆಯಿರಿ.

730 ವ್ಯಾಟ್-ಅವರ್ ಖರ್ಚು, 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಆದರೆ ಅಂಕಿಗಳು ಹೀಗೆ ಬರಬೇಕು: 100, 71, 43, 14. ದಿನಕ್ಕೆ 28, 29ರಷ್ಟು ಇಳಿತ. ಇದಕ್ಕಿಂತ ಬೇಗ ಇಳಿದರೆ ಯಾವುದೋ ಸಾಮಾನು ಕದ್ದು ತಿನ್ನುತ್ತಿದೆ, ಮೊದಲು ಇನ್ವರ್ಟರಿನ ಸ್ವಿಚ್ ನೋಡಿ.

ಮುಂದಿನ ಪ್ರವಾಸಕ್ಕೆ ಪರಿಚಯದವರಿಂದ ಒಂದು ಮಡಚುವ ಪ್ಯಾನಲ್ ಕೇಳಿ ತನ್ನಿ. ಅದನ್ನು ವ್ಯಾನಿನ ಪಕ್ಕದಲ್ಲಿ ನೆಲದ ಮೇಲೆ ಮಲಗಿಸಿಡಿ, ಟಾಪ್ ಮೇಲೆ ಬೀಳುವಷ್ಟೇ ಬಿಸಿಲು ಬೀಳುವ ಜಾಗದಲ್ಲಿ. ತಿರುಗಿಸುವುದು, ಎತ್ತಿ ನಿಲ್ಲಿಸುವುದು ಬೇಡ. ಮತ್ತೆ ಮೂರು ಬೆಳಗ್ಗೆ ಬರೆಯಿರಿ. 200 ವ್ಯಾಟಿನದ್ದು ದಿನಕ್ಕೆ 500 ತಂದರೆ ಇಳಿತ 9ಕ್ಕೆ ನಿಲ್ಲುತ್ತದೆ: 100, 91, 82, 73. ಮೂರು ದಿನಕ್ಕೆ ಮುಗಿಯುತ್ತಿದ್ದ ಬ್ಯಾಟರಿ ಹತ್ತು ದಿನ ಬರುತ್ತದೆ. ಹಾಗೆ ಬಂದರೆ ರಟ್ಟಿನ ಮೇಲೆ ಹಾಕಿದ ಗುರುತು ಹುಡುಕಿ, ಗಟ್ಟಿ ಪ್ಯಾನಲ್ ತನ್ನಿ, ತೂತು ಕೊರೆದ ಕೂಡಲೇ ಅಂಚಿಗೆ ತುಕ್ಕು ಹಿಡಿಯದಂತೆ ಪ್ರೈಮರ್ ಹಚ್ಚಿ. ಎರಡನೇ ಸಲವೂ 100, 75, 50 ಅಂತಲೇ ಬಂದರೆ ನೀವು ನೆರಳಿನ ಜನ. ಪ್ಯಾನಲ್ ವಾಪಸ್ ಕೊಟ್ಟು, ಡಿಸಿ-ಡಿಸಿ ಚಾರ್ಜರ್ ಹಾಕಿಸಿ.